ಮಲಯಾದ ಸುಲ್ತಾನರ ರಾಜ್ಯಗಳಲ್ಲಿ ಓಟೇ ಇರಲಿಲ್ಲವಂತೆ, ಹಾಗಾದರೆ ಸಭೆ ಸಂಘ ಹೇಗೆ ನಡೆಯುತ್ತಿತ್ತು?

ಎಣ್ಮಕಜೆ ಶ್ರೀ:

ಎಲ್ಲರಿಗೂ ನಮಸ್ಕಾರ. ಪೆರ್ಲದ ಹತ್ತಿರ ನಮ್ಮೂರ ವಾಚನಾಲಯದಲ್ಲಿ ತಿಂಗಳಿಗೊಮ್ಮೆ ಯಾರಾದರೂ ಒಬ್ಬರು ಮಾತಾಡುವುದು ಅಂತ ಉಂಟು. ಈ ಸಲ ನನ್ನ ಸರದಿ. ಮಲಯಾಕ್ಕೆ, ಅಂದರೆ ಈಗಿನ ಮಲೇಷ್ಯಾ, ಸಿಂಗಾಪುರ ಕಡೆಗೆ ಹೋದವರ ಬಗ್ಗೆ ಮಾತಾಡುತ್ತೇನೆ ಅಂತ ಹೇಳಿಬಿಟ್ಟಿದ್ದೇನೆ. ಗಲ್ಫ್ ವಿಷಯ ಕೇಳಿದರೆ ನಮ್ಮ ಕಾಸರಗೋಡಿನಲ್ಲಿ ಯಾರು ಬೇಕಾದರೂ ಅರ್ಧ ಗಂಟೆ ಹೇಳುತ್ತಾರೆ. ಅದಕ್ಕೂ ಮೊದಲು ಕೊಲಂಬೊ, ರಂಗೂನು, ಪೆನಾಂಗ್ ಅಂತ ಹಡಗು ಹತ್ತಿದವರ ಕಥೆ ಹೇಳುವವರು ಮಾತ್ರ ಕಡಿಮೆಯಾಗಿದ್ದಾರೆ.

ನಮ್ಮ ಕುಟುಂಬದ ಒಬ್ಬ ಅಜ್ಜ 1930ರ ಆಸುಪಾಸಿನಲ್ಲಿ ಪೆರಾಕ್‌ನ ಒಂದು ರಬ್ಬರ್ ಎಸ್ಟೇಟಿನಲ್ಲಿ ಗುಮಾಸ್ತರಾಗಿದ್ದರಂತೆ. ಊರಿಗೆ ಬಂದಾಗೆಲ್ಲ "ನಾನಲ್ಲಿ ಸಂಘದ ಸೆಕ್ರೆಟರಿ, ಅರ್ಜಿ ಬರೆಯುವವನೇ ನಾನು" ಅಂತ ಹೇಳಿಕೊಳ್ಳುತ್ತಿದ್ದರಂತೆ. ನನ್ನ ಮಾವ ಇದನ್ನು ನಂಬುವುದೇ ಇಲ್ಲ. "ಮೇಲೆ ಸುಲ್ತಾನ, ಅವನ ಮೇಲೆ ಬ್ರಿಟಿಷ್ ದೊರೆ, ಇವನದ್ದೆಂತ ಸಂಘ, ಎಲ್ಲ ಬೊಗಳೆ" ಅಂತ ಅವರ ವಾದ.

ಹಾಗಾಗಿ ಕೇಳುತ್ತಿದ್ದೇನೆ. ಎರಡು ಮಹಾಯುದ್ಧಗಳ ನಡುವಿನ ಆ ಕಾಲದಲ್ಲಿ ಅಲ್ಲಿ ನಿಜವಾಗಿ ಆಳುತ್ತಿದ್ದದ್ದು ಯಾರು? ಓಟು ಇತ್ತಾ? ಪೇಪರು, ಸಭೆ, ಭಾಷಣ ಇವೆಲ್ಲ ಇತ್ತಾ, ಇಲ್ಲ ಸುಮ್ನೆ ಬಾಯಿ ಮುಚ್ಚಿ ಕೆಲಸ ಮಾಡಿ ಬರುವುದಾ? ನಮ್ಮ ಕಡೆಯವರಿಗೆ ಅದರಲ್ಲಿ ಜಾಗ ಇತ್ತಾ? ಪುಸ್ತಕದ ಹೆಸರು ಬೇಡ, ಗೊತ್ತಿದ್ದವರು ನೇರ ವಿಷಯ ಹೇಳಿ. ಕೇಳಲು ಬರುವವರು ಹೆಚ್ಚಿನವರು ಅಡಿಕೆ, ರಬ್ಬರ್ ತೋಟದವರು, ಅವರಿಗೆ ತಲೆಗೆ ಹೋಗಬೇಕು.

ಚಂದ್ರಗಿರಿ ಮಾಸ್ಟ್ರು:

ನಿಮ್ಮ ಮಾವನಿಗೆ ಹೇಳಿ, ಅಜ್ಜ ಸೆಕ್ರೆಟರಿ ಆಗಿದ್ದರೆ ಅದರಲ್ಲಿ ಆಶ್ಚರ್ಯವೇ ಇಲ್ಲ. ಓಟು ಇಲ್ಲದ ಊರಿನಲ್ಲಿ ಸೆಕ್ರೆಟರಿಗಳೇ ಜಾಸ್ತಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಮೊದಲು ಯಾರು ಆಳಿದ್ದು ಅಂತ ನೋಡುವ. ಮಲಯಾ ಅಂತ ಒಂದೇ ಸರಕಾರ ಆಗ ಇರಲೇ ಇಲ್ಲ. ಪೆನಾಂಗ್, ಮಲಾಕ್ಕಾ, ಸಿಂಗಾಪುರ ನೇರ ಬ್ರಿಟಿಷರ ವಸಾಹತು. ಪೆರಾಕ್, ಸೆಲಂಗೋರ್, ನೆಗ್ರಿ ಸೆಂಬಿಲಾನ್, ಪಹಾಂಗ್ ಈ 4 ರಾಜ್ಯಗಳನ್ನು 1896ರಲ್ಲಿ ಒಂದು ಒಕ್ಕೂಟ ಮಾಡಿ ಕೌಲಾಲಂಪುರದಲ್ಲಿ ಕಚೇರಿ ಇಟ್ಟರು. ಜೊಹೋರ್, ಕೆಡಾ, ಪೆರ್ಲಿಸ್, ಕೆಲಾಂತಾನ್, ತೆರೆಂಗಾನು ಒಕ್ಕೂಟಕ್ಕೆ ಸೇರದೆ ಹೊರಗೆ ಉಳಿದವು. ಜೊಹೋರ್ ಬಿಟ್ಟು ಉಳಿದ ನಾಲ್ಕು 1909ರವರೆಗೆ ಸಯಾಮಿನ (ಈಗಿನ ಥೈಲ್ಯಾಂಡ್) ಲೆಕ್ಕದಲ್ಲಿದ್ದವು, ಆಮೇಲೆ ಬ್ರಿಟಿಷರ ಕೈಗೆ ಬಂದವು. ಈ ಹೊರಗಿನ ರಾಜ್ಯಗಳಲ್ಲಿ ಸಲಹೆಗಾರ ಅಂತ ಒಬ್ಬ ಬ್ರಿಟಿಷ್ ಅಧಿಕಾರಿ ಇದ್ದರೂ ಕಚೇರಿ ಕೆಲಸ ಮಲಯ ಭಾಷೆಯಲ್ಲೇ, ಅಧಿಕಾರಿಗಳೂ ಹೆಚ್ಚಿನವರು ಮಲಯರೇ. ಮುಂದೆ ಪ್ರಧಾನಿಯಾದ ತುಂಕು ಅಬ್ದುಲ್ ರಹಮಾನ್ 1930ರ ದಶಕದಲ್ಲಿ ಕೆಡಾದಲ್ಲಿ ಜಿಲ್ಲಾಧಿಕಾರಿಯಾಗಿ ಊರೂರು ಸುತ್ತುತ್ತಿದ್ದರು.

ನಿಮ್ಮ ಅಜ್ಜ ಇದ್ದ ಪೆರಾಕ್ ಹಾಗಲ್ಲ. ಅಲ್ಲಿ ಸುಲ್ತಾನರ ಪಕ್ಕದಲ್ಲಿ ರೆಸಿಡೆಂಟ್ ಅಂತ ಒಬ್ಬ ಬ್ರಿಟಿಷ್ ಅಧಿಕಾರಿ. 1874ರ ಪಾಂಗ್‌ಕೋರ್ ಒಪ್ಪಂದದ ಪ್ರಕಾರ ಧರ್ಮ ಮತ್ತು ಮಲಯ ಆಚಾರ ಬಿಟ್ಟು ಉಳಿದ ಎಲ್ಲ ವಿಷಯಕ್ಕೂ ಅವನ ಸಲಹೆ ಕೇಳಬೇಕು, ಹೇಳಿದ ಹಾಗೆ ನಡೆಯಬೇಕು. ಹೆಸರಿಗೆ ಸಲಹೆ, ಖಜಾನೆ ಪೊಲೀಸು ರಸ್ತೆ ಎಲ್ಲ ಅವನ ಕೈಯಲ್ಲಿ. ಮೇಲಿನ ಸಿವಿಲ್ ಸರ್ವಿಸ್‌ನ ನಿಯಮದಲ್ಲೇ 1904ರಿಂದ ಯುರೋಪಿನ ಮೂಲದವರಿಗೆ ಮಾತ್ರ ಅಂತ ಬರೆದಿಟ್ಟಿದ್ದರು. ನಮ್ಮಲ್ಲಿ ಆ ಹೊತ್ತಿಗೆ ಐಸಿಎಸ್ ಪಾಸಾದ ಭಾರತೀಯರು ಕಲೆಕ್ಟರ್‌ಗಿರಿ ಮಾಡುತ್ತಿದ್ದರು, ಅಲ್ಲಿ ಎಷ್ಟೇ ಓದಿದ ತಮಿಳನಿಗೂ ಚೀನೀಯನಿಗೂ ಆ ಬಾಗಿಲು ಮುಚ್ಚಿತ್ತು. ಮಲಯ ಮನೆತನಗಳ ಹುಡುಗರಿಗೆ 1910ರಲ್ಲಿ ಕೆಳಗಿನ ದರ್ಜೆಯ ಬೇರೆ ಸರ್ವಿಸ್ ಮಾಡಿದರು, ಅದರಿಂದ ಮೇಲೆ ಹತ್ತಿದವರು ಕೆಲವೇ ಮಂದಿ.

ಇನ್ನು ಓಟು. ಇಲ್ಲವೇ ಇಲ್ಲ. 1909ರಲ್ಲಿ ಫೆಡರಲ್ ಕೌನ್ಸಿಲ್ ಅಂತ ಒಂದು ಸಭೆ ಮಾಡಿದರು, ಅಲ್ಲಿ ಕೂತವರೆಲ್ಲ ಸರಕಾರ ನೇಮಿಸಿದವರು. ಅಧಿಕಾರಿಗಳು, ರಬ್ಬರ್ ತೋಟದ ದೊರೆಗಳು, ತವರದ ಗಣಿಯವರು, ಬೆರಳೆಣಿಕೆಯ ಚೀನೀಯರು. ಭಾರತೀಯರಿಗೆ ಕುರ್ಚಿ ಸಿಕ್ಕಿದ್ದು 1920ರ ದಶಕದ ಕೊನೆಗೆ, ವಕೀಲ ಎಸ್.ಎನ್. ವೀರಸ್ವಾಮಿ ಅವರಿಗೆ. ಅದೇ ದಶಕದಲ್ಲಿ ಅಲ್ಲಿ ಕೂತ ಇನ್ನೊಬ್ಬರು ರಾಜಾ ಚೂಲಾನ್. ಇವರ ಅಪ್ಪ ಪೆರಾಕ್‌ನ ಸುಲ್ತಾನ್ ಅಬ್ದುಲ್ಲಾ. 1875ರಲ್ಲಿ ಮೊದಲ ರೆಸಿಡೆಂಟ್ ಬರ್ಚ್‌ನ ಕೊಲೆಯಾದಾಗ ಅದರ ಹಿಂದೆ ಇದ್ದಾರೆ ಅಂತ ಅಬ್ದುಲ್ಲಾರನ್ನು ಸೀಶೆಲ್ಸ್ ದ್ವೀಪಕ್ಕೆ ಗಡಿಪಾರು ಮಾಡಿದ್ದರು. ಮಗ ಅದೇ ಸರಕಾರದ ಕೌನ್ಸಿಲ್‌ನಲ್ಲಿ ಸದಸ್ಯ! ಈ ಒಂದು ಕಥೆ ಹೇಳಿದರೆ ಸಾಕು, ಬ್ರಿಟಿಷರು ಯಾರನ್ನು ಹೇಗೆ ಪಕ್ಕಕ್ಕೆ ಇಟ್ಟುಕೊಳ್ಳುತ್ತಿದ್ದರು ಅಂತ ನಿಮ್ಮ ಸಭೆಗೆ ಗೊತ್ತಾಗುತ್ತದೆ.

ನಮ್ಮ ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಇಲ್ಲೂ ಬ್ರಿಟಿಷರೇ. ಆದರೆ 1920ರಿಂದ ಮದ್ರಾಸ್ ಕೌನ್ಸಿಲ್‌ಗೆ ಚುನಾವಣೆ ನಡೆಯುತ್ತಿತ್ತು, ತೀರ್ವೆ ಕಟ್ಟುವವರಿಗೆ ಓಟು ಇತ್ತು. 1921ರಲ್ಲಿ ಆಸ್ತಿ ಇರುವ ಹೆಂಗಸರಿಗೂ ಕೊಟ್ಟರು. ಅಂದರೆ ಇಲ್ಲಿ ನಾಲ್ಕು ಎಕ್ರೆ ತೋಟ ಇದ್ದವನು ಓಟು ಹಾಕಿ ಹಡಗು ಹತ್ತಿದರೆ, ಅಲ್ಲಿ ಇಳಿದ ಮೇಲೆ ಲಕ್ಷಾಧೀಶ ಚೀನೀ ಗಣಿ ಮಾಲಿಕನಿಗೂ ಇಲ್ಲದ ಹಕ್ಕು ಇವನಿಗೆ ಎಲ್ಲಿಂದ ಬರಬೇಕು.

ಈಗ ಸಂಘದ ವಿಷಯ. ಕೌನ್ಸಿಲ್‌ಗೆ, ಪಟ್ಟಣದ ಸ್ಯಾನಿಟರಿ ಬೋರ್ಡಿಗೆ (ಮುನಿಸಿಪಾಲಿಟಿ ಥರದ್ದು) ಯಾರನ್ನು ನೇಮಿಸುವುದು ಅಂತ ಸರಕಾರ ನೋಡುವಾಗ ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ಊರಿನ ಚೀನೀಯರ ಪರ ಯಾರು, ಭಾರತೀಯರ ಪರ ಯಾರು, ಮಲಯರ ಪರ ಯಾರು? ಉತ್ತರ ಕೊಡಲು ಒಂದು ಸಂಘ ಬೇಕು. ಸಂಘ ಅಂದ ಮೇಲೆ ಸರಕಾರದಲ್ಲಿ ನೋಂದಣಿ, ಇಂಗ್ಲಿಷಿನಲ್ಲಿ ನಿಯಮಾವಳಿ, ಲೆಕ್ಕಪತ್ರ, ಹೊಸ ಗವರ್ನರ್ ಬಂದರೆ ಸ್ವಾಗತ ಪತ್ರ, ಕಷ್ಟ ಬಂದರೆ ಮನವಿ. ಇದನ್ನೆಲ್ಲ ಬರೆಯುವವನು ಯಾರು? ಇಂಗ್ಲಿಷ್ ಬರುವ ಗುಮಾಸ್ತ. ಸಾಹುಕಾರ ಅಧ್ಯಕ್ಷ, ಗುಮಾಸ್ತ ಸೆಕ್ರೆಟರಿ. ಹೀಗೆ ನಡೆದದ್ದು.

ಮೊಗ್ರಾಲ್ ಕಾಕ:

ಮಾಸ್ಟ್ರು ಆಫೀಸಿನ ಲೆಕ್ಕ ಹೇಳಿದರು. ನಾನು ಚಹಾದಂಗಡಿಯ ಲೆಕ್ಕ ಹೇಳುತ್ತೇನೆ ತಂಗಿ. ನಮ್ಮ ಮೊಗ್ರಾಲ್, ಕುಂಬಳೆ, ಉಪ್ಪಳ ಕಡೆಯಿಂದ ಹೋದ ಮಾಪಿಳ್ಳೆಗಳಲ್ಲಿ ಎಸ್ಟೇಟಿಗಿಂತ ಅಂಗಡಿ, ಹೋಟೆಲು ಹಿಡಿದವರೇ ನಮ್ಮ ಮನೆಯಲ್ಲಿ ಜಾಸ್ತಿ. ರೈಲಿನಲ್ಲಿ ಮದ್ರಾಸ್, ಅಲ್ಲಿಂದ ಹಡಗು. 1926ರಿಂದ ರಾಜುಲಾ ಅನ್ನುವ ಹಡಗು ಓಡುತ್ತಿತ್ತು, ಮದ್ರಾಸ್, ನಾಗಪಟ್ಟಣ, ಪೆನಾಂಗ್, ಸಿಂಗಾಪುರ. ಮುದುಕರಿಗೆ ಆ ಹೆಸರು ಹೇಳಿ ನೋಡಿ, ಕಣ್ಣರಳಿಸುತ್ತಾರೆ.

ಮಲಯರಲ್ಲಿ ಸಾರ್ವಜನಿಕ ಜೀವನ ಅಂದರೆ ಮೊದಲು ಪೇಪರು. ಅರಬ್ಬಿ ಲಿಪಿಯಲ್ಲಿ ಮಲಯ ಭಾಷೆ, ಅದಕ್ಕೆ ಜಾವಿ ಅಂತ ಹೇಳುವುದು. ಓದಲು ಬರುವವನು ಒಬ್ಬ ಕಾಫಿ ಅಂಗಡಿಯಲ್ಲಿ ಕೂತು ಜೋರಾಗಿ ಓದುತ್ತಾನೆ, ಸುತ್ತ ಹತ್ತು ಮಂದಿ ಕೇಳುತ್ತಾರೆ, ಕೇಳಿ ಜಗಳ ಮಾಡುತ್ತಾರೆ. ಪೆನಾಂಗ್‌ನಲ್ಲಿ 1928ರಲ್ಲಿ ಸೈಯದ್ ಶೇಖ್ ಅಲ್-ಹಾದಿ "ಸೌದಾರಾ" ಶುರು ಮಾಡಿದರು. ಸಿಂಗಾಪುರದಲ್ಲಿ 1930ರಲ್ಲಿ "ವಾರ್ತಾ ಮಲಯಾ". ಕೌಲಾಲಂಪುರದಲ್ಲಿ 1931ರಲ್ಲಿ "ಮಜ್ಲಿಸ್". ತಮಿಳಿನವರಿಗೆ ಕೌಲಾಲಂಪುರದಲ್ಲೇ 1924ರಿಂದ "ತಮಿಳ್ ನೇಸನ್" ಇತ್ತು, ಸಿಂಗಾಪುರದಲ್ಲಿ 1935ರಿಂದ "ತಮಿಳ್ ಮುರಸು".

ಒಂದು ವಿಷಯ ನೋಡಿ. ಸುಧಾರಣೆ ಬೇಕು ಅನ್ನುವ ಮುಸ್ಲಿಂ ಪಂಡಿತರೆಲ್ಲ ಪೆನಾಂಗ್, ಸಿಂಗಾಪುರದಲ್ಲೇ ಕೂತು ಯಾಕೆ ಬರೆದರು? ಮಾಸ್ಟ್ರು ಹೇಳಿದರಲ್ಲ, ಸುಲ್ತಾನರ ಕೈಯಲ್ಲಿ ಉಳಿದದ್ದು ಧರ್ಮ ಮತ್ತು ಆಚಾರ ಮಾತ್ರ. ಕೈಯಲ್ಲಿ ಉಳಿದ ಒಂದೇ ಅಧಿಕಾರವನ್ನು ಅವರು ಗಟ್ಟಿ ಹಿಡಿದುಕೊಂಡರು. ಅನುಮತಿ ಇಲ್ಲದೆ ಧರ್ಮ ಬೋಧನೆ ಮಾಡುವಂತಿಲ್ಲ, ಧರ್ಮದ ಪುಸ್ತಕ ಅಚ್ಚು ಹಾಕುವಂತಿಲ್ಲ. ವಸಾಹತಿನಲ್ಲಿ ಸುಲ್ತಾನರಿಲ್ಲ, ಅಲ್ಲಿ ಕೂತು ಬರೆದರೆ ಕೇಳುವವರಿಲ್ಲ. ಮಸೀದಿಯಲ್ಲಿ ಹೊಸ ಗುಂಪು, ಹಳೆ ಗುಂಪು ಅಂತ ಅಪ್ಪ ಮಕ್ಕಳೇ ಎರಡು ಭಾಗ ಆದ ಕಾಲ ಅದು. ನಮ್ಮ ಮಲಬಾರಿನಲ್ಲೂ ಆಗ ಇಂಥದ್ದೇ ಚರ್ಚೆ ನಡೆಯುತ್ತಿತ್ತು, ಹಾಗಾಗಿ ಹೋದವರಿಗೆ ಇದು ಹೊಸತೇನಲ್ಲ.

ಇನ್ನೊಂದು ಹೇಳಲೇಬೇಕು. ಸೌದಾರಾ ಪತ್ರಿಕೆಯ ಮಕ್ಕಳ ಪುಟದಿಂದ ಪತ್ರಮಿತ್ರರ ಒಂದು ಕೂಟ ಹುಟ್ಟಿತು, 1934ರಲ್ಲಿ. ಸಹಾಬತ್ ಪೆನಾ ಅಂತ ಹೆಸರು. ಪೆರ್ಲಿಸ್‌ನ ಮೇಸ್ಟ್ರು ಜೊಹೋರಿನ ಗುಮಾಸ್ತನಿಗೆ ಕಾಗದ ಬರೆಯುವುದು, ಭಾಷೆ ಬೆಳೆಸುವುದು, ಅಷ್ಟೇ ಉದ್ದೇಶ. ರಾಜಕೀಯ, ಧರ್ಮ ಎರಡೂ ಬೇಡ ಅಂತ ನಿಯಮದಲ್ಲೇ ಇತ್ತು. ಆದರೂ ನನ್ನ ಕೇಳಿದರೆ ಮಲಯರು ತಮ್ಮ ತಮ್ಮ ಸುಲ್ತಾನನ ರಾಜ್ಯ ದಾಟಿ ನಾವೆಲ್ಲ ಒಂದು ಅಂತ ಕಂಡುಕೊಂಡದ್ದು ದೊಡ್ಡ ಭಾಷಣಗಳಿಂದಲ್ಲ, ಇಂಥ ಅಂಚೆ ಕಾಗದಗಳಿಂದ.

ಬೇಕಲ ಬೀಚು:

ಎಲ್ಲರೂ ಪೇಪರು, ಕೌನ್ಸಿಲ್ ಅಂತ ಬರೆದಿರಿ, ಫುಟ್ಬಾಲ್ ಬಿಟ್ಟಿರಲ್ಲ ಮಾರಾಯ್ರೆ! ಕಾಸರಗೋಡಿನವರು ಫುಟ್ಬಾಲ್ ಬಿಡುವುದುಂಟಾ.

ಮೊದಲ ಮಹಾಯುದ್ಧದ ಹೊತ್ತಿಗೆ ಆ 4 ಒಕ್ಕೂಟದ ರಾಜ್ಯಗಳ ಹಣದಿಂದ ಬ್ರಿಟಿಷ್ ನೌಕಾಪಡೆಗೆ ಒಂದು ಯುದ್ಧನೌಕೆಯನ್ನೇ ಕಟ್ಟಿಸಿ ಕೊಟ್ಟರು, ಹೆಸರು ಎಚ್‌ಎಂಎಸ್ ಮಲಯಾ. ಅದು ಜಟ್ಲೆಂಡ್ ಕಾಳಗದಲ್ಲೂ ಇತ್ತು. 1921ರಲ್ಲಿ ಆ ಹಡಗು ಮಲಯಾಕ್ಕೆ ಬಂತು. ಹಡಗಿನವರು ಥ್ಯಾಂಕ್ಸ್ ಹೇಳಲು ಒಂದು ಫುಟ್ಬಾಲ್ ಕಪ್, ಒಂದು ರಗ್ಬಿ ಕಪ್ ಕೊಟ್ಟು ಹೋದರು. ಹಾಗೆ ಶುರುವಾದದ್ದು ಮಲಯಾ ಕಪ್. ರಾಜ್ಯ ರಾಜ್ಯಗಳ ನಡುವೆ ಮ್ಯಾಚು. ಮಲಯ, ಚೀನೀ, ತಮಿಳ, ದೊರೆ ಎಲ್ಲರೂ ಒಂದೇ ಟೀಮಿಗೆ ಕೂಗುವ ಜಾಗ ಅದೊಂದೇ ಇದ್ದದ್ದು. ಕೋಟಿಗಟ್ಟಲೆ ಖರ್ಚು ಮಾಡಿ ಹಡಗು ಕೊಟ್ಟು ಎರಡು ಕಪ್ ತಗೊಂಡರು ಅಂತ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಎಣ್ಮಕಜೆ ಶ್ರೀ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾಸ್ಟ್ರೇ, ಸಾಹುಕಾರ ಅಧ್ಯಕ್ಷ ಗುಮಾಸ್ತ ಸೆಕ್ರೆಟರಿ ಅನ್ನುವುದು ಚೆನ್ನಾಗಿದೆ, ಹಾಗೇ ಹೇಳುತ್ತೇನೆ. ಆದರೆ ಒಂದು ಪ್ರಶ್ನೆ ಉಳಿಯಿತು. ಗುಮಾಸ್ತರು, ವಕೀಲರು, ಅಂಗಡಿಯವರು ಎಲ್ಲ ಸರಿ. ಬೆಳಿಗ್ಗೆ ಎದ್ದು ಮರ ಗೀರುವವರು ಲಕ್ಷಗಟ್ಟಲೆ ಇದ್ದರಲ್ಲ, ಅವರು ಯಾವ ಸಂಘದಲ್ಲಿದ್ದರು? ನಮ್ಮ ಅಜ್ಜ ಅವರ ಪರ ಅರ್ಜಿ ಬರೆದಿರಬಹುದಾ?

ಅಡೂರು ತೋಟ:

ಶ್ರೀ ಅಕ್ಕ, ಈ ಪ್ರಶ್ನೆ ಯಾರೂ ಕೇಳುವುದಿಲ್ಲವೇನೋ ಅಂತ ಕಾಯುತ್ತಿದ್ದೆ. ಸಂಘ, ಪೇಪರು, ಕಪ್ ಅಂತ ಓದಿದರೆ ಅಲ್ಲಿ ಏನೋ ದೊಡ್ಡ ಹಬ್ಬ ನಡೆಯುತ್ತಿತ್ತು ಅಂತ ಅನ್ನಿಸುತ್ತದೆ. ಆ ಹಬ್ಬ ಎಸ್ಟೇಟಿನ ಗೇಟಿನ ಹೊರಗೆ ಇದ್ದದ್ದು.

ನನ್ನದೂ ಸ್ವಲ್ಪ ರಬ್ಬರ್ ಉಂಟು. ಕತ್ತಲಲ್ಲಿ ಎದ್ದು ಹೋಗಿ ಬಿಸಿಲು ಏರುವ ಮೊದಲು ಗೀರಿ ಮುಗಿಸಬೇಕು, ಇಲ್ಲದಿದ್ದರೆ ಹಾಲು ನಿಲ್ಲುತ್ತದೆ. ಇದು ಇಲ್ಲಿಗೂ ಒಂದೇ, ಅಲ್ಲಿಗೂ ಒಂದೇ. ಅಲ್ಲಿ ಅದಕ್ಕೂ ಮೊದಲು ಹಾಜರಿ. ಲೈನ್ ಮನೆಗಳಿಂದ ಗಂಡಸರು, ಹೆಂಗಸರು ಬಂದು ಸಾಲಾಗಿ ನಿಲ್ಲಬೇಕು, ಹೆಸರು ಕೂಗುತ್ತಾರೆ. ಕೂಗುವುದು ಕಂಗಾಣಿ, ಅಂದರೆ ಊರಿನಿಂದ ಕೂಲಿಗಳನ್ನು ಕರೆತಂದು ಕೆಲಸ ಮಾಡಿಸುವ ಮೇಸ್ತ್ರಿ; ಪುಸ್ತಕದಲ್ಲಿ ಗುರುತು ಹಾಕುವುದು ಗುಮಾಸ್ತ. ಅಂದರೆ ನಿಮ್ಮ ಅಜ್ಜ. ಅವನು ಗುರುತು ಹಾಕದಿದ್ದರೆ ಆ ದಿನದ ಕೂಲಿ ಇಲ್ಲ. ಗುಮಾಸ್ತರು ಹೆಚ್ಚಿನವರು ಮಲಯಾಳಿಗಳು ಮತ್ತು ಜಾಫ್ನಾದ ತಮಿಳರು. ಕೂಲಿಗಳಿಗೆ ದೂರದ ಬಿಳಿ ದೊರೆಗಿಂತ ಹತ್ತಿರದ ಈ ಗುಮಾಸ್ತನ ಮೇಲೆಯೇ ಸಿಟ್ಟು ಜಾಸ್ತಿ ಇತ್ತು. ಬೇಜಾರು ಮಾಡಬೇಡಿ, ಇದ್ದದ್ದು ಹೇಳುತ್ತಿದ್ದೇನೆ.

ಕೂಲಿಯ ಲೆಕ್ಕ ಕೇಳಿ. 1920ರ ದಶಕದ ಕೊನೆಗೆ ಸರಕಾರ ನಿಗದಿ ಮಾಡಿದ್ದು ಗಂಡಸಿಗೆ ದಿನಕ್ಕೆ 50 ಸೆಂಟ್ (ಅಲ್ಲಿನ ಅರ್ಧ ಡಾಲರ್), ಹೆಂಗಸಿಗೆ 40. ಆಗಿನ ವಿನಿಮಯದಲ್ಲಿ 50 ಸೆಂಟ್ ಅಂದರೆ ನಮ್ಮ 12 ಆಣೆಯ ಹತ್ತಿರ. ಇಲ್ಲಿನ ಕೂಲಿಗೆ ಹೋಲಿಸಿದರೆ ಒಳ್ಳೆಯದೇ, ಅದಕ್ಕೇ ಹೋದದ್ದು. ಆಮೇಲೆ ಜಗತ್ತೆಲ್ಲ ಮಾರುಕಟ್ಟೆ ಬಿತ್ತು, ರಬ್ಬರ್ ಬೆಲೆ ಪಾತಾಳಕ್ಕೆ ಹೋಯಿತು. ಕೂಲಿ 28 ಸೆಂಟ್, ಹೆಂಗಸಿಗೆ 24. ಅಂದರೆ 7 ಆಣೆ. ಕೆಲಸ ಇಲ್ಲದವರನ್ನು ಹಡಗು ಹತ್ತಿಸಿ ವಾಪಸ್ ಕಳಿಸಿದರು. 1930ರಿಂದ ಮೂರು ವರ್ಷ ಬಂದವರಿಗಿಂತ ಹೋದವರೇ ಹೆಚ್ಚು. ಈ ಜನ ಯಾವ ಸಭೆಯಲ್ಲಿ ಮಾತಾಡಬೇಕು? ಎಸ್ಟೇಟು ಖಾಸಗಿ ಜಾಗ, ಹೊರಗಿನವನು ಒಳಗೆ ಬಂದರೆ ಅತಿಕ್ರಮ. ಒಳಗೆ ಒಂದು ಮಾರಿಯಮ್ಮನ ಗುಡಿ, ಒಂದು ಕಳ್ಳಂಗಡಿ. ಕಳ್ಳು ಎಸ್ಟೇಟಿನವರೇ ಮಾರುವುದು, ಕೊಟ್ಟ ಕೂಲಿಯಲ್ಲಿ ಒಂದು ಪಾಲು ಸಂಜೆಗೆ ಅಲ್ಲಿಗೇ ವಾಪಸ್.

ಸಂಘದವರು ಇತ್ತ ತಿರುಗಿ ನೋಡಿದ್ದು ತಡವಾಗಿ. 1936ರಲ್ಲಿ ಊರೂರಿನ ಇಂಡಿಯನ್ ಅಸೋಸಿಯೇಶನ್‌ಗಳು ಸೇರಿ ಸೆಂಟ್ರಲ್ ಇಂಡಿಯನ್ ಅಸೋಸಿಯೇಶನ್ ಆಫ್ ಮಲಯಾ ಕಟ್ಟಿದವು. ಮುಂದಾಳುಗಳಲ್ಲಿ ಒಬ್ಬರು ಪೆನಾಂಗ್‌ನ ಬ್ಯಾರಿಸ್ಟರ್ ಎನ್. ರಾಘವನ್, ಕೇರಳದವರು, ಸ್ವಾತಂತ್ರ್ಯದ ನಂತರ ಚೀನಾಕ್ಕೆ ನಮ್ಮ ರಾಯಭಾರಿ ಆದವರು. 1937ರಲ್ಲಿ ನೆಹರೂ ಬಂದು ಹೋದ ಮೇಲೆ ಇವರಿಗೆ ಧೈರ್ಯ ಬಂತು. ಆಗ ಕೂಲಿ, ಕಳ್ಳು, ಕಂಗಾಣಿ ವಿಷಯ ಎತ್ತಿದರು.

ಗಲಾಟೆ ನಿಜವಾಗಿ ಆದದ್ದು 1941ರ ವಸಂತದಲ್ಲಿ, ಸೆಲಂಗೋರಿನ ಕ್ಲಾಂಗ್ ಕಡೆ. ಸಾವಿರಾರು ಕೂಲಿಗಳು ಮುಷ್ಕರ ಹೂಡಿದರು. ಅವರ ಬೇಡಿಕೆಗಳನ್ನು ನಿಮ್ಮ ವಾಚನಾಲಯದಲ್ಲಿ ಓದಿ ಹೇಳಿ. ಚೀನೀಯರಿಗೆ ಕೊಡುವಷ್ಟೇ ಕೂಲಿ ಕೊಡಿ. ನಮ್ಮ ಹೆಂಗಸರ ಮೈಮೇಲೆ ಕೈ ಹಾಕುವುದು ನಿಲ್ಲಿಸಿ. ಮಕ್ಕಳಿಗೆ ಸರಿಯಾದ ಶಾಲೆ. ಕಳ್ಳಂಗಡಿ ಮುಚ್ಚಿ. ನೆಂಟರು ಬಂದರೆ ಒಳಗೆ ಬಿಡಿ. ಮಾತಾಡಲು, ಸಭೆ ಸೇರಲು ಬಿಡಿ. ಮತ್ತೊಂದು ಇತ್ತು: ದೊರೆ, ಗುಮಾಸ್ತರ ಎದುರಿನಲ್ಲಿ ನಾವೂ ಸೈಕಲ್ ಮೇಲೆ ಕೂತು ಹೋಗಲು ಬಿಡಿ. ಅಲ್ಲಿಯವರೆಗೆ ಎಸ್ಟೇಟಿನ ರಸ್ತೆಯಲ್ಲಿ ದೊರೆಯೋ ಗುಮಾಸ್ತನೋ ಎದುರು ಬಂದರೆ ಕೂಲಿ ಸೈಕಲ್‌ನಿಂದ ಇಳಿದು ತಳ್ಳಿಕೊಂಡು ಹೋಗಬೇಕಿತ್ತು. ನಮ್ಮ ಊರಿನಲ್ಲಿ ದಣಿಗಳ ಮನೆ ಮುಂದೆ ಚಪ್ಪಲಿ ಕೈಗೆ ತಗೊಂಡು, ಮುಂಡು ಕೆಳಗೆ ಬಿಟ್ಟು ಹೋಗುತ್ತಿದ್ದ ಕಾಲ ಅದು, ನಿಮ್ಮ ಕೇಳುಗರಿಗೆ ವಿವರಿಸುವ ಅಗತ್ಯವೇ ಬೀಳಲಿಕ್ಕಿಲ್ಲ.

ಮುಂದಾಳು ಆರ್.ಎಚ್. ನಾಥನ್‌ರನ್ನು ಹಿಡಿದು ಭಾರತಕ್ಕೆ ಗಡಿಪಾರು ಮಾಡಿದರು. ಪಟಾಲಂ ಬಂತು, ಗುಂಡು ಹಾರಿತು, ಕೂಲಿಗಳು ಸತ್ತರು. ಅದೇ 1941ರಲ್ಲಿ, ಅದೇ ತಿಂಗಳುಗಳಲ್ಲಿ ನಮ್ಮ ತಾಲೂಕಿನ ಕಯ್ಯೂರಿನಲ್ಲಿ ರೈತರ ಹೋರಾಟ ನಡೆಯಿತು, ನಾಲ್ವರನ್ನು 1943ರಲ್ಲಿ ನೇಣಿಗೆ ಹಾಕಿದರು. ಎರಡನ್ನೂ ಪಕ್ಕದಲ್ಲಿಟ್ಟು ಮಾತಾಡಿ ಅಕ್ಕ.

ಚಂದ್ರಗಿರಿ ಮಾಸ್ಟ್ರು:

ಅಡೂರಿನವರು ಹೇಳಿದ್ದು ಸರಿ, ಆದರೆ ಗುಮಾಸ್ತರನ್ನು ಪೂರ್ತಿ ದೊರೆಗಳ ಕಡೆಗೆ ತಳ್ಳಬೇಡಿ. ನಾಥನ್ ಕೂಡ ಕೂಲಿ ಅಲ್ಲ, ಪತ್ರಿಕೆಯಲ್ಲಿ ಕೆಲಸ ಮಾಡಿದವರು. ಅಕ್ಷರ ಬರುವವನು ಎರಡೂ ಕಡೆಗೆ ಹೋಗಬಹುದಿತ್ತು. ಕೆಲವರು ಕೂಲಿಗಳ ಕಡೆಗೆ ಹೋದರು, ಹೆಚ್ಚಿನವರು ಹೋಗಲಿಲ್ಲ. ಯಾಕೆಂದರೆ ಕೆಲಸ ಕಳೆದುಕೊಳ್ಳುವ ಹೆದರಿಕೆ ಮಾತ್ರ ಅಲ್ಲ, ಗಡಿಪಾರಿನ ಕಾನೂನು ಇತ್ತು. ಸರಕಾರಕ್ಕೆ ಬೇಡ ಅನ್ನಿಸಿದರೆ ಕೋರ್ಟು ಕಚೇರಿ ಇಲ್ಲದೆ ಹಡಗು ಹತ್ತಿಸಬಹುದು. ಚೀನೀಯರ ಮೇಲೆ ಇದನ್ನು ಧಾರಾಳವಾಗಿ ಉಪಯೋಗಿಸಿದರು. 1930ರಲ್ಲಿ ಗವರ್ನರ್ ಕ್ಲೆಮೆಂಟಿ ಬಂದ ಕೂಡಲೇ ಚೀನೀಯರ ಕುವೊಮಿಂಟಾಂಗ್ ಪಕ್ಷಕ್ಕೇ ನಿಷೇಧ ಹಾಕಿದ. ಅರ್ಜಿ ಬರೆಯುವವರೆಗೆ ಸಂಘ, ಬೇಡಿಕೆ ಇಟ್ಟರೆ ಹಡಗು. ಗೆರೆ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿತ್ತು.

ಹಾಗಂತ ಮಲಯ ರೈತರು ಸುಮ್ಮನೆ ಇದ್ದರು ಅಂತ ತಿಳಿಯಬೇಡಿ. 1928ರಲ್ಲಿ ತೆರೆಂಗಾನುವಿನ ಒಳನಾಡಿನಲ್ಲಿ ದಂಗೆಯೇ ಆಯಿತು. ಕಾಡು ಕಡಿದು ಸುಟ್ಟು ಬೆಟ್ಟದ ಭತ್ತ ಬೆಳೆಯಲು ಇನ್ನು ಮುಂದೆ ಪರವಾನಗಿ ಬೇಕು, ದುಡ್ಡು ಕಟ್ಟಬೇಕು ಅಂತ ಹೊಸ ಕಾನೂನು. ನಮ್ಮ ಕುಮೇರಿ ಬೇಸಾಯದ ತಕರಾರು ನೆನಪಿಸಿಕೊಳ್ಳಿ. ಹಾಜಿ ಅಬ್ದುಲ್ ರಹಮಾನ್ ಲಿಂಬೋಂಗ್ ಅನ್ನುವ ಧರ್ಮಗುರು ಮೊದಲು ಕೋರ್ಟಿನಲ್ಲಿ ರೈತರ ಪರ ವಾದಿಸಿದರು, ಆಮೇಲೆ ಜನ ಎದ್ದು ಕೌಲಾ ಬೆರಾಂಗ್‌ನ ಸರಕಾರಿ ಕಚೇರಿಯನ್ನೇ ಹಿಡಿದರು. ದಂಗೆ ಅಡಗಿಸಿ ಅವರನ್ನು ಮಕ್ಕಾಕ್ಕೆ ಕಳಿಸಿಬಿಟ್ಟರು. ಅಲ್ಲೇ ತೀರಿಕೊಂಡರು.

ನಿಜವಾಗಿ ಆಳಿದ್ದು ಯಾರು ಅಂತ ಕೇಳಿದಿರಲ್ಲ, ಸೆಲಂಗೋರಿನದ್ದು ಕೇಳಿ. ಸುಲ್ತಾನ್ ಸುಲೈಮಾನ್‌ರ ಹಿರಿಮಗ ತೆಂಗ್ಕು ಮೂಸಾ ಯುವರಾಜ. ರೆಸಿಡೆಂಟ್ ಥಿಯೊಡೋರ್ ಆಡಮ್ಸ್‌ಗೆ ಅವನು ಸರಿ ಬರಲಿಲ್ಲ, ನಡತೆ ಚೆನ್ನಾಗಿಲ್ಲ ಅಂತ ತೆಗೆಸಿದ. 1936ರಲ್ಲಿ ಇನ್ನೊಬ್ಬ ಮಗನನ್ನು ಯುವರಾಜ ಮಾಡಿದರು. ಮುದಿ ಸುಲ್ತಾನ್ ಲಂಡನ್‌ವರೆಗೆ ಮನವಿ ಬರೆದರು, ಏನೂ ಆಗಲಿಲ್ಲ. 1938ರಲ್ಲಿ ಅವರು ಸತ್ತ ಮೇಲೆ ಬ್ರಿಟಿಷರ ಆಯ್ಕೆಯವನೇ ಪಟ್ಟಕ್ಕೆ ಬಂದ. ಮಜಾ ಏನಂದರೆ 1942ರಲ್ಲಿ ಜಪಾನಿಗಳು ಬಂದು ಮೂಸಾನನ್ನು ಕೂರಿಸಿದರು, 1945ರಲ್ಲಿ ಬ್ರಿಟಿಷರು ವಾಪಸ್ ಬಂದು ಅವನನ್ನು ಕೊಕೋಸ್ ದ್ವೀಪಕ್ಕೆ ಅಟ್ಟಿದರು. ಸ್ವಂತ ಮಗನಿಗೆ ಪಟ್ಟ ಕೊಡಲು ಆಗದ ಸುಲ್ತಾನನೂ ಕೊನೆಗೆ ಅರ್ಜಿ ಬರೆಯುವವನೇ ಆದ.

ಮೊಗ್ರಾಲ್ ಕಾಕ:

ಮಾಸ್ಟ್ರೇ, ಮಲಯರ ಹೊಸ ತಲೆಮಾರನ್ನು ಬಿಟ್ಟಿರಿ. ಪೆರಾಕ್‌ನ ಕೌಲಾ ಕಾಂಗ್ಸಾರಿನ ಕಾಲೇಜು 1905ರದ್ದು, ಅದು ರಾಜಮನೆತನದ ಮಕ್ಕಳಿಗೆ. ರೈತರ ಮಕ್ಕಳಿಗೆ ಅಂತ 1922ರಲ್ಲಿ ತಂಜೋಂಗ್ ಮಾಲಿಮ್‌ನಲ್ಲಿ ಸುಲ್ತಾನ್ ಇದ್ರಿಸ್ ಟ್ರೈನಿಂಗ್ ಕಾಲೇಜು ಮಾಡಿದರು, ಹಳ್ಳಿ ಶಾಲೆಗೆ ಮೇಸ್ಟ್ರನ್ನು ತಯಾರು ಮಾಡುವುದು. ತೋಟಗಾರಿಕೆ, ಬುಟ್ಟಿ ನೇಯುವುದು ಕಲಿಸಿ ಒಳ್ಳೆ ರೈತರನ್ನು ಮಾಡುವ ಅಂತ ಬ್ರಿಟಿಷರ ಲೆಕ್ಕ. ಹುಡುಗರು ಅಲ್ಲಿ ಕೂತು ಇಂಡೊನೇಷ್ಯಾದ ಪತ್ರಿಕೆ ಓದಿದರು, ಅಲ್ಲಿನ ಸ್ವಾತಂತ್ರ್ಯ ಹೋರಾಟದ ಮುಂದಾಳು ಸುಕಾರ್ನೊ ಹೆಸರು ಕೇಳಿದರು. ಅಲ್ಲಿ ಕಲಿತ ಇಬ್ರಾಹಿಂ ಯಾಕೂಬ್ 1938ರಲ್ಲಿ ಯುವಕರ ಪಕ್ಷ ಕಟ್ಟಿದ. ಅದೇ ಹೊತ್ತಿಗೆ ಸೆಲಂಗೋರ್, ಪಹಾಂಗ್ ಕಡೆ ದೊಡ್ಡ ಮನೆತನದವರು ಬೇರೆ ಮಲಯ ಸಂಘಗಳನ್ನು ಕಟ್ಟಿ 1939ರಲ್ಲಿ ಕೌಲಾಲಂಪುರದಲ್ಲಿ ಎಲ್ಲರನ್ನೂ ಸೇರಿಸಿದರು. ಇವರು ಸುಲ್ತಾನರಿಗೂ ಬ್ರಿಟಿಷರಿಗೂ ನಿಷ್ಠೆ ಅಂತ ಹೇಳಿಕೊಂಡವರು. ಇವರ ಹೆದರಿಕೆ ಬೇರೆ. 1931ರ ಜನಗಣತಿಯಲ್ಲಿ ಒಕ್ಕೂಟದ 4 ರಾಜ್ಯಗಳಲ್ಲಿ ಚೀನೀಯರು 7 ಲಕ್ಷ ದಾಟಿದ್ದರು, ಮಲಯರು 6 ಲಕ್ಷದ ಹತ್ತಿರ, ಭಾರತದವರು ಸುಮಾರು 3 ಲಕ್ಷ 80 ಸಾವಿರ. ಅವರ ಸ್ವಂತ ನೆಲದಲ್ಲಿ ಅವರೇ ಮೂರರಲ್ಲಿ ಒಂದು ಪಾಲು. ನಮ್ಮ ಕನ್ನಡ, ತುಳುವಿನವರಂತೂ ಆ ಗುಂಪಿನಲ್ಲಿ ಕಾಣದಷ್ಟು ಕಡಿಮೆ, ಹಾಗಾಗಿ ಶ್ರೀಯ ಅಜ್ಜ ಮಲಯಾಳಿಗಳ ಕೂಟಕ್ಕೋ ಇಂಡಿಯನ್ ಅಸೋಸಿಯೇಶನ್‌ಗೋ ಹೋಗದೆ ಬೇರೆ ದಾರಿ ಇರಲಿಲ್ಲ.

ಅಡೂರು ತೋಟ:

ಇನ್ನೊಂದು ಸೇರಿಸಿ ನಿಲ್ಲಿಸುತ್ತೇನೆ. ಮದ್ರಾಸಿನ ರಾಜಕೀಯ ಮುಂದಾಳು ಶ್ರೀನಿವಾಸ ಶಾಸ್ತ್ರಿಗಳನ್ನು ಭಾರತ ಸರಕಾರ 1936ರ ಕೊನೆಗೆ ಅಲ್ಲಿಗೆ ಕಳಿಸಿತು. ಕೂಲಿ ಹಿಂದಿನ ಮಟ್ಟಕ್ಕೆ ತನ್ನಿ, ಕಂಗಾಣಿಗಳ ಮೂಲಕ ಜನ ತರುವುದು ನಿಲ್ಲಿಸಿ ಅಂತ ಅವರು ವರದಿ ಕೊಟ್ಟರು. ಆದರೆ ವಲಸೆಯನ್ನೇ ನಿಲ್ಲಿಸುವಂಥ ಸ್ಥಿತಿ ಅಲ್ಲಿಲ್ಲ ಅಂತಲೂ ಬರೆದರು, ಅದಕ್ಕೆ ಅಲ್ಲಿನ ಭಾರತೀಯರು ಸಿಟ್ಟಾದರು. ಸಿಟ್ಟು ನ್ಯಾಯವೇ. ವರದಿಯ ಮರುವರ್ಷವೇ ತೋಟದ ಮಾಲಿಕರು, ಮತ್ತೆ ಏರಿದ್ದ ಕೂಲಿಯನ್ನು 45 ಸೆಂಟಿಗೆ ಇಳಿಸಲು ಹೊರಟರು. ಆಗ 1938ರ ಜೂನ್‌ನಲ್ಲಿ ಭಾರತ ಸರಕಾರ ಕೂಲಿಗಳನ್ನು ಖರ್ಚು ಕೊಟ್ಟು ಕರೆದುಕೊಂಡು ಹೋಗುವುದಕ್ಕೆ ನಿಷೇಧ ಹಾಕಿತು.

ಮೊಗ್ರಾಲ್ ಕಾಕ:

ಆ ನಿಷೇಧ ಕೂಲಿಗಳಿಗೆ ಮಾತ್ರ ಅಲ್ವಾ. ಟಿಕೆಟ್ ದುಡ್ಡು ಇದ್ದವರು, ಅಂಗಡಿಯವರು, ಸಿಂಗಾಪುರದ ನೇವಲ್ ಬೇಸ್ ಕೆಲಸಕ್ಕೆ ಹೋಗುವ ಮಲಯಾಳಿಗಳು ಆಮೇಲೂ ಹೋದರು, 1941ರ ಡಿಸೆಂಬರಿನಲ್ಲಿ ಜಪಾನಿಗಳು ಕೋಟಾ ಬಾರುವಿನಲ್ಲಿ ಇಳಿಯುವವರೆಗೂ ಹೋದರು. ಶ್ರೀ ತಂಗಿ, ಮಾತುಕತೆ ಯಾವತ್ತು ಅಂತ ಹಾಕು. ಸಂಜೆ ಪೆರ್ಲದಿಂದ ಕುಂಬಳೆಗೆ ವಾಪಸ್ ಬಸ್ಸು ಇದ್ದರೆ ನಾನೂ ಬರುತ್ತೇನೆ.